ವಿಂಡೋಸ್ 7ರಲ್ಲೇ ಹೊಸ ಕ್ಯಾಡ್, ಹೊಸ ಕೋರೆಲ್ ಓಡಿಸಿದವರು ನಿಮ್ಮ ಅನುಭವ ಹೇಳಿ

ಕಲಬುರಗಿ ಡ್ರಾಫ್ಟ್ಸ್‌ಮನ್:
ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಸಿವಿಲ್ ಆಫೀಸಿನಲ್ಲಿ ನನ್ನ ಕೆಲಸ. ಇಲ್ಲಿರುವ ಸಿಸ್ಟಮ್ ಎಲ್ಲವೂ ವಿಂಡೋಸ್ 7, 32-ಬಿಟ್, 4 ಜಿಬಿ ರ‍್ಯಾಮ್. ಬೆಂಗಳೂರಿನ ಆರ್ಕಿಟೆಕ್ಟ್‌ಗಳು ಕಳಿಸುವ ಫೈಲ್ ನಮ್ಮ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್ 2012ರಲ್ಲಿ ತೆರೆಯುವುದಿಲ್ಲ. ಸಾಹೇಬರು ಹೊಸ ಕ್ಯಾಡ್ ಹಾಕಿಸಿ ಅಂತಾರೆ, ಆದರೆ ವಿಂಡೋಸ್ ಮುಟ್ಟಬೇಡಿ ಅಂತಾರೆ. ದೊಡ್ಡ ಹಾಳೆಯ ನಕ್ಷೆ ಪ್ರಿಂಟ್ ಮಾಡುವ ಪ್ಲಾಟರ್ ಹಳೆಯದು, ಅದರ ಡ್ರೈವರ್ ಮುಂದೆ ಸಿಗಲ್ಲ ಅನ್ನೋ ಚಿಂತೆ ಅವರಿಗೆ. ನೀವೆಲ್ಲ ಏನು ಮಾಡಿದಿರಿ?

ಸೇಡಂ ರೋಡ್ ಇಂಜಿನಿಯರ್:
ವಿಂಡೋಸ್ 7 ಬಿಡಬೇಡಿ. ನಾನು ಇವತ್ತಿಗೂ ಅದರಲ್ಲೇ ಇದ್ದೇನೆ, ಆಟೋಕ್ಯಾಡ್ 2020 ಓಡಿಸುತ್ತಿದ್ದೇನೆ. ವಿಂಡೋಸ್ 7ಕ್ಕೆ ಬಂದ ಕೊನೆಯ ಆಟೋಕ್ಯಾಡ್ ಅದೇ. 2014ರಲ್ಲಿ ಪೂರ್ತಿ ದುಡ್ಡು ಕೊಟ್ಟು ಶಾಶ್ವತ ಲೈಸೆನ್ಸ್ ತೆಗೆದುಕೊಂಡೆ. ಆ ದುಡ್ಡಿಗೆ ಎರಡು ಪ್ಲಾಟಿಗೆ ಅಡ್ವಾನ್ಸ್ ಕೊಡಬಹುದಿತ್ತು ಅಂತ ಮನೆಯವರೇ ಬೈದರು. 2016ರಲ್ಲಿ ಕಂಪನಿ ಆ ಥರದ ಮಾರಾಟವನ್ನೇ ನಿಲ್ಲಿಸಿತು. ಈಗ ಎಲ್ಲರೂ ವರ್ಷ ವರ್ಷ ಬಾಡಿಗೆ ಕಟ್ಟುತ್ತಿದ್ದಾರೆ. ನಾನು ಮೇಂಟೆನೆನ್ಸ್ ಕಟ್ಟುತ್ತಾ 2020ರ ಆವೃತ್ತಿಗೆ ಬಂದೆ, ಅಲ್ಲಿಗೆ ನಿಲ್ಲಿಸಿದೆ.

ಹಾಕಿಸುವುದು ಸುಲಭ ಇರಲಿಲ್ಲ. ಸೆಟಪ್ ಅರ್ಧಕ್ಕೆ ನಿಂತು ಎರರ್ ಕೊಡುತ್ತಿತ್ತು. ಸಿಸ್ಟಮ್ ರಿಪೇರಿಯವನು ಬಂದು ಫಾರ್ಮ್ಯಾಟ್ ಹೊಡೆದು 500 ತೊಗೊಂಡ, ಮತ್ತೆ ಅದೇ ಕಥೆ. ಹಾರ್ಡ್‌ಡಿಸ್ಕ್ ಹೋಗಿದೆ ಅಂತ ಇನ್ನೊಬ್ಬ 2,800 ಕೀಳಿಸಿದ. ಹಾರ್ಡ್‌ಡಿಸ್ಕಿಗೆ ಏನೂ ಆಗಿರಲಿಲ್ಲ! ಮೊದಲು ಸರ್ವೀಸ್ ಪ್ಯಾಕ್ 1 ಇರಬೇಕು. ಆಮೇಲೆ ಕೆಬಿ4474419 ಅನ್ನೋ ಅಪ್‌ಡೇಟ್ ಬೇಕು. 2019ರಿಂದ ಬಂದ ಮೈಕ್ರೋಸಾಫ್ಟ್ ಫೈಲುಗಳ ಡಿಜಿಟಲ್ ಸಹಿ (ಫೈಲ್ ಅಸಲಿ ಅಂತ ತೋರಿಸುವ ಗುರುತು) ಶಾ-2 ಮಾದರಿಯದು. ಈ ಅಪ್‌ಡೇಟ್ ಇಲ್ಲದಿದ್ದರೆ ವಿಂಡೋಸ್ 7 ಆ ಸಹಿಯನ್ನು ಒಪ್ಪುವುದಿಲ್ಲ. ಕ್ಯಾಡ್ ಓಡಲು ಬೇಕಾದ ಮೈಕ್ರೋಸಾಫ್ಟಿನ ಡಾಟ್‌ನೆಟ್ ಹೊಸದು ಕೂರುವುದೂ ಅದು ಬಂದ ಮೇಲೆಯೇ. ಇಷ್ಟು ಮಾಡಿದ ದಿನವೇ ಕ್ಯಾಡ್ ಎದ್ದು ನಿಂತಿತು.

ಫೈಲಿನ ಚಿಂತೆ ಬೇಡ. ಆಟೋಕ್ಯಾಡ್ 2018ರಿಂದ 2025ರ ತನಕ ಡಿಡಬ್ಲ್ಯುಜಿ (ಕ್ಯಾಡ್ ನಕ್ಷೆಯ ಫೈಲ್) ಮಾದರಿ ಒಂದೇ. ಬೆಂಗಳೂರಿನವರು ಹೊಸದರಲ್ಲಿ ಬಿಡಿಸಿ ಕಳಿಸಿದ್ದನ್ನು ನಾನು 2020ರಲ್ಲಿ ಆರಾಮಾಗಿ ತೆರೆಯುತ್ತೇನೆ.

ಹುಮನಾಬಾದ್ ಸರ್ವೇ:
ಸೇಡಂ ರೋಡ್ ಸಾಹೇಬರೇ, ನಿಮ್ಮ ಅದೃಷ್ಟ ಚೆನ್ನಾಗಿದೆ. ನಮ್ಮದು ಇರಲಿಲ್ಲ. ವಿಂಡೋಸ್ 7ಕ್ಕೆ ಅಪ್‌ಡೇಟ್ ಕೊಡುವುದನ್ನು 2020ರ ಜನವರಿ 14ಕ್ಕೆ ನಿಲ್ಲಿಸಿದರು. ದುಡ್ಡು ಕಟ್ಟಿದ ಕಂಪನಿಗಳಿಗೂ 2023ರ ಜನವರಿಗೆ ಮುಗಿಯಿತು. ಕ್ರೋಮ್ ಬ್ರೌಸರ್ ಕೂಡ 109ನೇ ಆವೃತ್ತಿಗೆ ನಿಂತಿದೆ. ಅದೇ ಬ್ರೌಸರಿನಲ್ಲಿ ಪಾರ್ಟಿ ಕಳಿಸಿದ ಮೇಲ್ ತೆರೆದು ಅಟ್ಯಾಚ್‌ಮೆಂಟ್ ಇಳಿಸಿದ್ದು ನಮ್ಮ ಆಫೀಸಿನಲ್ಲಿ. ಮಧ್ಯಾಹ್ನ ಊಟ ಮುಗಿಸಿ ಬರೋದ್ರೊಳಗೆ ಎಲ್ಲ ಡ್ರಾಯಿಂಗ್, ಎಕ್ಸೆಲ್, ಪಿಡಿಎಫ್ ಹೆಸರಿಗೆ ಒಂದು ಬಾಲ ಅಂಟಿಕೊಂಡಿತ್ತು. ಯಾವುದೂ ತೆರೆಯಲಿಲ್ಲ. ಫೋಲ್ಡರ್‌ಗಳೆಲ್ಲ ಶೇರ್ ಮಾಡಿದ್ದವು, ಪಕ್ಕದ ಸಿಸ್ಟಮ್‌ಗೂ ಹೋಯಿತು. ಬ್ಯಾಕಪ್ ಹಾರ್ಡ್‌ಡಿಸ್ಕ್ ಸಿಕ್ಕಿಸಿಯೇ ಇತ್ತು, ಅದೂ ಹೋಯಿತು.

ಲೆಕ್ಕ ಕೇಳಿ. ಒಂದು ಲೇಔಟಿನ ಟೋಟಲ್ ಸ್ಟೇಷನ್ (ಸರ್ವೇ ಯಂತ್ರ) ಡೇಟಾ ಹೋಗಿದ್ದಕ್ಕೆ ಬಿಸಿಲಲ್ಲಿ ಮತ್ತೆ ಸರ್ವೇ, 14,000. ಪ್ರಿಂಟ್ ನೋಡಿ ಮತ್ತೆ ಡ್ರಾಯಿಂಗ್ ಮಾಡಲು ಹೊರಗಿನ ಹುಡುಗರಿಗೆ ಹಾಳೆಗೆ 350ರಂತೆ 11,200. ಡೇಟಾ ತೆಗೆದುಕೊಡುತ್ತೇನೆ ಅಂದವನು ಹೈದರಾಬಾದಿನಲ್ಲಿ 6,000 ಮುಂಗಡ ತೊಗೊಂಡು, ಆಗಲ್ಲ ಅಂತ ವಾಪಸ್ ಕೊಟ್ಟ. ದುಡ್ಡಲ್ಲ, ಹಾರ್ಡ್‌ಡಿಸ್ಕ್. ಒಂದು ಪಾರ್ಟಿ ಕೈ ಬಿಟ್ಟು ಹೋದದ್ದು ಈ ಲೆಕ್ಕದಲ್ಲಿ ಇಲ್ಲ.

2017ರ ಮೇ ತಿಂಗಳಲ್ಲಿ ಇದೇ ಥರ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗಲೂ ಜಾಸ್ತಿ ಪೆಟ್ಟು ಬಿದ್ದದ್ದು ವಿಂಡೋಸ್ 7ಕ್ಕೇ. ಅದರ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಈಗ ಅಪ್‌ಡೇಟ್ ಬರುವುದೇ ಇಲ್ಲ ಅಂದಮೇಲೆ? ಇಂಥದ್ದರಲ್ಲಿ ಕೂತು ಬೇರೆಯವರಿಗೆ "ಬಿಡಬೇಡಿ" ಅಂತ ಹೇಗೆ ಹೇಳುತ್ತೀರಿ?

ಸೇಡಂ ರೋಡ್ ಇಂಜಿನಿಯರ್:
ನನ್ನ ಕ್ಯಾಡ್ ಸಿಸ್ಟಮ್‌ಗೆ ನೆಟ್ ಇಲ್ಲ. ಮೇಲ್ ನೋಡಲು ಬೇರೆ ಲ್ಯಾಪ್‌ಟಾಪ್ ಇದೆ. ಓದದೆ ಮೈಮೇಲೆ ಬರಬೇಡಿ.

ಹುಮನಾಬಾದ್ ಸರ್ವೇ:
ನೆಟ್ ಇಲ್ಲ ಅನ್ನೋದನ್ನು ನೀವು ಮೊದಲು ಬರೆದಿರಲಿಲ್ಲ ಸಾಹೇಬರೇ. ಅದೇ ಮುಖ್ಯ ಮಾತು, ಅದನ್ನೇ ಬಿಟ್ಟಿದ್ದಿರಿ. ಹೊಸಬರು ನಿಮ್ಮ ಮೊದಲ ಸಾಲು ಓದಿ ಎದ್ದು ಹೋಗುತ್ತಾರೆ.

ಜಗತ್ ಸರ್ಕಲ್:
ನಾನು ಎಲ್ಲ ಬದಲಿಸಿದವನು, ನನ್ನದೂ ಕೇಳಿ. ವಿಂಡೋಸ್ 10ಕ್ಕೆ ಹೋದೆ. ರ‍್ಯಾಮ್ 8 ಜಿಬಿ ಸೆಕೆಂಡ್ ಹ್ಯಾಂಡ್ 1,400. ಎಸ್‌ಎಸ್‌ಡಿ 1,900. ಇದು ಒಂದು ಸಿಸ್ಟಮ್‌ಗೆ. ಅಸಲಿ ವಿಂಡೋಸ್‌ಗೆ ಒಂದೊಂದಕ್ಕೂ ಹತ್ತು ಸಾವಿರದ ಹತ್ತಿರ. ಎಲ್ಲ ಆದಮೇಲೆ ಪ್ಲಾಟರ್ ಮಾತಾಡಲಿಲ್ಲ. ಅದರ ಡ್ರೈವರ್ 32-ಬಿಟ್ ಮಾತ್ರ. 64-ಬಿಟ್ ವಿಂಡೋಸ್‌ಗೆ 64-ಬಿಟ್ ಡ್ರೈವರ್ರೇ ಬೇಕು, ಬೇರೆ ದಾರಿ ಇಲ್ಲ. ಚೆನ್ನಾಗಿ ಓಡುತ್ತಿದ್ದ ಪ್ಲಾಟರನ್ನು ಗುಜರಿಯವನು 3,500ಕ್ಕೆ ಒಯ್ದ. ಸಿಕಂದರಾಬಾದಿನಿಂದ ಹಳೆಯದೊಂದು ತರಿಸಿದೆ. 85,000, ಟೆಂಪೋ ಬಾಡಿಗೆ 4,500 ಬೇರೆ. ಬಂದ ವಾರವೇ ಹೆಡ್ ಹೋಯಿತು. ಹೆಡ್ಡಿಗೆ 9,200. ಮೇ ತಿಂಗಳ ಬಿಸಿಲು, ದಿನಾ ಕರೆಂಟ್ ಹೋಗುತ್ತಿತ್ತು, ಯುಪಿಎಸ್ ಬ್ಯಾಟರಿಗೆ 5,600.

ಇಷ್ಟೆಲ್ಲ ಮಾಡಿದ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಥೆಯೂ ಮುಗಿಯಿತು! ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕಂತೆ, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕಂತೆ. ನನ್ನವು 4ನೇ ತಲೆಮಾರು. ಅಂದರೆ ನಾನು ಹಾಕಿದ ರ‍್ಯಾಮ್, ಎಸ್‌ಎಸ್‌ಡಿ, ಲೈಸೆನ್ಸ್ ಎಲ್ಲ ಯಾವ ಲೆಕ್ಕಕ್ಕೆ? ಇದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಳೆಯ ಸಿಸ್ಟಮ್‌ಗೆ ಒಂದು ರೂಪಾಯಿ ಸಹ ಹಾಕಬೇಡಿ. ಬದಲಿಸುವುದಾದರೆ ಪೂರ್ತಿ ಬದಲಿಸಿ.

ಆಳಂದ ಕ್ಯಾಡ್:
ಇಷ್ಟು ಖರ್ಚು ಯಾಕೆ ಮಾಡುತ್ತೀರಿ ಅಣ್ಣಾ? ಡಿಡಬ್ಲ್ಯುಜಿ ಟ್ರೂವ್ಯೂ ಪುಕ್ಕಟೆ ಸಿಗುತ್ತದೆ. ಯಾವುದಾದರೂ ಒಂದು ಹೊಸ ಸಿಸ್ಟಮ್‌ನಲ್ಲಿ ಹಾಕಿ, ಬಂದ ಫೈಲನ್ನು 2010ರ ಮಾದರಿಗೆ ಇಳಿಸಿ. ನಿಮ್ಮ 2012 ಅದನ್ನು ತೆರೆಯುತ್ತದೆ. ಅಥವಾ ಫೋನ್ ಮಾಡಿ 2010ರಲ್ಲಿ ಸೇವ್ ಮಾಡಿ ಕಳಿಸಿ ಅನ್ನಿ. ನಾನು ಹೀಗೇ ವರ್ಷಗಟ್ಟಲೆ ನಡೆಸಿದ್ದೇನೆ. ಆಮೇಲೆ ಜ಼ಡ್‌ಡಬ್ಲ್ಯುಕ್ಯಾಡ್ ತೊಗೊಂಡೆ, ಅದರಲ್ಲಿ ಶಾಶ್ವತ ಲೈಸೆನ್ಸ್ ಇನ್ನೂ ಇದೆ. ಕಮಾಂಡ್ ಎಲ್ಲ ಹೆಚ್ಚೂಕಡಿಮೆ ಅವೇ. ನನ್ನ ಲಿಸ್ಪ್ ಫೈಲುಗಳಲ್ಲಿ (ಕ್ಯಾಡ್ ಒಳಗೆ ಓಡುವ ಚಿಕ್ಕ ಪ್ರೋಗ್ರಾಂ) ಕೆಲವು ಓಡಲಿಲ್ಲ. ಮೆಟ್ಟಿಲು ಬಿಡಿಸುವ ಲಿಸ್ಪ್ ಇತ್ತು, ಅದು ಹೋದದ್ದಕ್ಕೆ ಬಹಳ ಬೇಜಾರಾಯಿತು.

ಚಿತ್ತಾಪುರ 585211:
ಯಾಕ್ರೀ ಇಷ್ಟು ಉದ್ದ? ಹೊಸದರ ಕ್ರ್ಯಾಕ್ ಸಿಗುತ್ತದೆ, ಹಾಕಿ ಕೆಲಸ ಮಾಡಿ.

ಸೇಡಂ ರೋಡ್ ಇಂಜಿನಿಯರ್:
ದುಡ್ಡು ಕೊಟ್ಟು ತೊಗೊಂಡವರ ಮುಂದೆ ಈ ಮಾತು ಆಡಬೇಡಿ. ಟೆಂಡರ್‌ನಲ್ಲಿ ನನಗಿಂತ ಕಡಿಮೆ ರೇಟು ಹಾಕುವವರು ಇವರೇ. ಲೈಸೆನ್ಸ್ ಖರ್ಚು ಅವರಿಗಿಲ್ಲ, ನನಗಿದೆ.

ಚಿತ್ತಾಪುರ 585211:
ನನ್ನ ರೇಟು ಕಡಿಮೆ ಯಾಕೆಂದರೆ ರಾತ್ರಿ ಕೂತು ನಾನೊಬ್ಬನೇ ಕೆಲಸ ಮಾಡುತ್ತೇನೆ. ನಾಲ್ಕು ಜನರಿಗೆ ಸಂಬಳ ಕೊಡುವವರು ಹಳ್ಳಿಯವನ ಹೊಟ್ಟೆ ಮೇಲೆ ಯಾಕೆ ಕಣ್ಣು ಹಾಕುತ್ತೀರಿ?

ಹುಮನಾಬಾದ್ ಸರ್ವೇ:
ಕ್ರ್ಯಾಕ್ ಹಾಕುವಾಗ ಮೊದಲು ಆಂಟಿವೈರಸ್ ಬಂದ್ ಮಾಡಿ ಅಂತ ಅದರಲ್ಲೇ ಬರೆದಿರುತ್ತದೆ. ಬಂದ್ ಮಾಡಿದಾಗ ಒಳಗೆ ಏನು ಬಂತು ಅಂತ ನೋಡುವವರು ಯಾರು? ನಾನು ಸುಟ್ಟುಕೊಂಡವನು, ಕೈ ಮುಗಿದು ಹೇಳುತ್ತೇನೆ, ಅದು ಬೇಡ.

ಸೂಪರ್ ಮಾರ್ಕೆಟ್ ಫ್ಲೆಕ್ಸ್:
ಕ್ಯಾಡ್‌ನವರದ್ದೇ ಆಯಿತು, ಪ್ರಿಂಟಿಂಗ್‌ನವರ ಕಷ್ಟವೂ ಕೇಳಿ. ನನ್ನ ಫ್ಲೆಕ್ಸ್ ಮಷೀನಿನ ರಿಪ್ ಸಾಫ್ಟ್‌ವೇರ್ (ಡಿಸೈನನ್ನು ಮಷೀನಿಗೆ ಪ್ರಿಂಟ್ ಆಗುವಂತೆ ಕಳಿಸುವುದು) ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಕೀಲಿ, ಪೆನ್‌ಡ್ರೈವ್ ಥರದ್ದು) ಮೇಲೆ ಓಡುತ್ತದೆ. ಡಾಂಗಲ್ ವಿಂಡೋಸ್ 7ರಲ್ಲಿ ಮಾತ್ರ ಎದ್ದೇಳುತ್ತದೆ. ಹೊಸ ರಿಪ್ ಕೇಳಿದರೆ ಬೋರ್ಡೂ ಬದಲಿಸಬೇಕು ಅಂತ ಹೇಳಿ 1,35,000 ಅಂದರು. ಮಷೀನ್ ಮೇಲಿನ ಸಾಲವೇ ತೀರಿಲ್ಲ. ಇನ್ನೊಂದು ಕಡೆ, ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರೆಲ್ 2020ರ ತನಕ ವಿಂಡೋಸ್ 7 ನಡೆಯುತ್ತಿತ್ತು, 2021ರಿಂದ ವಿಂಡೋಸ್ 10 ಬೇಕೇ ಬೇಕು. ಹೊರಗಿನ ಡಿಸೈನರ್‌ಗಳು ಹೊಸದರಲ್ಲಿ ಮಾಡಿದ ಸಿಡಿಆರ್ ಫೈಲ್ ತರುತ್ತಾರೆ, ಹಳೆಯದರಲ್ಲಿ ತೆರೆಯಲ್ಲ.

ನಾನು ಎರಡು ಸಿಸ್ಟಮ್ ಇಟ್ಟಿದ್ದೇನೆ. ಹಳೆಯದು ಮಷೀನಿಗೆ ಮಾತ್ರ. ನೆಟ್ ಇಲ್ಲ, ಬೇರೆ ಯಾವ ಕೆಲಸವೂ ಇಲ್ಲ. ಹೊಸದರಲ್ಲಿ ಡಿಸೈನ್ ಮಾಡಿ, ಟಿಫ್ ತೆಗೆದು, ಪೆನ್‌ಡ್ರೈವಿನಲ್ಲಿ ಆ ಕಡೆ ಒಯ್ಯುತ್ತೇನೆ. ಹಳೆಯದರ ಹಾರ್ಡ್‌ಡಿಸ್ಕನ್ನು ಪೂರ್ತಿ ಇಮೇಜ್ (ಇದ್ದದ್ದು ಇದ್ದಂತೆ ನಕಲು) ಮಾಡಿ ಇಟ್ಟಿದ್ದೇನೆ. ಅದೇ ಮಾಡೆಲ್ ಮದರ್‌ಬೋರ್ಡ್ ಗುಜರಿಯಲ್ಲಿ 900ಕ್ಕೆ ಸಿಕ್ಕಿತು, ಅದನ್ನೂ ಎತ್ತಿಟ್ಟೆ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸ್ ಬಂದರೆ ರಾತ್ರಿಯಿಡೀ ಕೆಲಸ ಇರುತ್ತದೆ. ಕನ್ನಡಕ್ಕೆ ನುಡಿ, ಉರ್ದುಗೆ ಇನ್‌ಪೇಜ್. ಒಂದೇ ಬ್ಯಾನರ್ ಮೇಲೆ ಎರಡೂ ಬರುತ್ತವೆ. ಆ ಹೊತ್ತಿನಲ್ಲಿ ಮಷೀನ್ ನಿಂತರೆ ಪಾರ್ಟಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ತಿರುಗಿ ಬರಲ್ಲ.

ಯಾದಗಿರಿ ಡಿಟಿಪಿ:
ಅಣ್ಣಾ, ಇನ್ನೂ ನುಡಿ ಆಸ್ಕಿಯಲ್ಲೇ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರಿಸಿದ ಹಳೆಯ ಫಾಂಟ್) ಇದ್ದೀರಾ? ಎಲ್ಲ ಭಾಷೆಗೂ ಒಂದೇ ಅಕ್ಷರ ಪದ್ಧತಿಯಾದ ಯೂನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. ಆಸ್ಕಿ ಅಕ್ಷರ ಫಾಂಟ್ ಇಲ್ಲದ ಕಡೆ ಬರೀ ಇಂಗ್ಲಿಷ್ ಗಲಿಬಿಲಿ ಆಗಿ ಕಾಣುತ್ತದೆ. ಹಳೆಯ ವಿಂಡೋಸ್ ಹಿಡಿದು ಕೂರುವುದಕ್ಕೆ ಅರ್ಧ ಕಾರಣ ಇದೇ.

ಸೂಪರ್ ಮಾರ್ಕೆಟ್ ಫ್ಲೆಕ್ಸ್:
ನೀವು ಯಾದಗಿರಿಯಲ್ಲಿ ಯಾವ ಪ್ರೆಸ್ಸಿಗೆ ಕೊಡುತ್ತೀರಿ ಗೊತ್ತಿಲ್ಲ. ನಾನು ಕೊಡುವ ಆಫ್‌ಸೆಟ್ ಪ್ರೆಸ್ಸಿನವರು ಇನ್ನೂ ಪೇಜ್‌ಮೇಕರ್ 7ರಲ್ಲಿ ಇದ್ದಾರೆ. 2001ರ ಸಾಫ್ಟ್‌ವೇರ್, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಯೂನಿಕೋಡಿನಲ್ಲಿ ಮದುವೆ ಕಾರ್ಡ್ ಕಳಿಸಿದಾಗ ಒತ್ತಕ್ಷರ ಎಲ್ಲ ಕಿತ್ತುಕೊಂಡು ಬಂದಿದ್ದವು. 600 ಕಾರ್ಡ್ ನನ್ನ ಮೈಮೇಲೆ ಬಿದ್ದವು. ನುಡಿಯಲ್ಲಿ ಇರುವಷ್ಟು ದಪ್ಪ ಅಕ್ಷರದ ಫಾಂಟ್ ಯೂನಿಕೋಡಿನಲ್ಲಿ ತೋರಿಸಿ, ನಾಳೆಯೇ ಬರುತ್ತೇನೆ.

ಯಾದಗಿರಿ ಡಿಟಿಪಿ:
ಪಿಡಿಎಫ್ ಮಾಡಿ, ಇಲ್ಲ ಅಕ್ಷರವನ್ನು ಕರ್ವ್ಸ್ (ಚಿತ್ರದ ಗೆರೆ) ಮಾಡಿ ಕೊಟ್ಟರೆ ಯಾವ ಪ್ರೆಸ್ಸಿಗಾದರೂ ಹೋಗುತ್ತದೆ. ಒತ್ತಕ್ಷರ ಕಿತ್ತು ಬಂದದ್ದು ಸಾಫ್ಟ್‌ವೇರಿನ ತಪ್ಪು, ಯೂನಿಕೋಡಿನದಲ್ಲ. ಇಂಕ್‌ಸ್ಕೇಪ್ ಪುಕ್ಕಟೆ, ಅದರಲ್ಲಿ ಒಂದು ಒತ್ತೂ ತಪ್ಪಲ್ಲ.

ಸೂಪರ್ ಮಾರ್ಕೆಟ್ ಫ್ಲೆಕ್ಸ್:
ಕರ್ವ್ಸ್ ಮಾಡಿದ ಮೇಲೆ ಪಾರ್ಟಿ ಬಂದು ಮಾವನ ಹೆಸರು ಸೇರಿಸಿ ಅಂದರೆ? ನಮ್ಮ ಅಂಗಡಿಯಲ್ಲಿ ಅದು ನಡೆಯುವ ಕೆಲಸವಲ್ಲ ತಮ್ಮಾ.

ಕಲಬುರಗಿ ಡ್ರಾಫ್ಟ್ಸ್‌ಮನ್:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನಮ್ಮದು 32-ಬಿಟ್. 2020 ಹಾಕಬಹುದಾ? ಪ್ಲಾಟರ್ ಏನು ಮಾಡಲಿ?

ಆಳಂದ ಕ್ಯಾಡ್:
ಇಲ್ಲ, 2020 ಬರೀ 64-ಬಿಟ್. 32ರಲ್ಲಿ ಕೊನೆಯದು 2019. ಅದೂ ಈಗ ಹೊಸದಾಗಿ ಲೈಸೆನ್ಸ್ ಕಟ್ಟುವವರಿಗೆ ಸಿಗಲ್ಲ, ಹಿಂದಿನ ಕೆಲವೇ ಆವೃತ್ತಿ ಕೊಡುತ್ತಾರೆ. ಸೇಡಂ ರೋಡ್ ಸರ್ ಹೇಳಿದ ದಾರಿ ನಿಮಗೆ ಮುಚ್ಚಿದೆ. ಒಂದೇ ಒಂದು ಹೊಸ ಸಿಸ್ಟಮ್ ತೊಗೊಳ್ಳಿ, ಹೊಸ ಕ್ಯಾಡ್ ಅದರಲ್ಲಿ. ಉಳಿದ ಸಿಸ್ಟಮ್‌ಗಳಲ್ಲಿ 2012 ಇರಲಿ. ಪ್ಲಾಟರ್ ಒಂದು ಹಳೆಯದಕ್ಕೇ ಇರಲಿ, ನೆಟ್ ಕಿತ್ತುಹಾಕಿ.

ಸೇಡಂ ರೋಡ್ ಇಂಜಿನಿಯರ್:
ಮುಚ್ಚಿದೆ ಅಂದರೆ ನನ್ನ ದಾರಿ ತಪ್ಪು ಅಂತಲ್ಲ. ಆಗ ಕೊಂಡವರಿಗೆ ಇವತ್ತಿಗೂ ಅದು ಸರಿಯಾಗೇ ಇದೆ.

ಜಗತ್ ಸರ್ಕಲ್:
ಫ್ಲೆಕ್ಸ್ ಅಣ್ಣಾ, ಹಾರ್ಡ್‌ಡಿಸ್ಕ್ ಇಮೇಜ್ ಮಾಡಿದ್ದು ಹೇಗೆ? ನನ್ನ ಹತ್ತಿರ ಒಂದು ಕಟಿಂಗ್ ಪ್ಲಾಟರ್ ಇನ್ನೂ ಎಕ್ಸ್‌ಪಿ ಮೇಲಿದೆ. ಹಾರ್ಡ್‌ಡಿಸ್ಕ್ ಕಿರುಗುಡುತ್ತಿದೆ.

ಸೂಪರ್ ಮಾರ್ಕೆಟ್ ಫ್ಲೆಕ್ಸ್:
ಕಿರುಗುಟ್ಟಲು ಶುರುವಾದರೆ ಇವತ್ತೇ ಬಂದ್ ಮಾಡಿ, ಮತ್ತೆ ಆನ್ ಮಾಡಬೇಡಿ. ಕ್ಲೋನ್‌ಜಿಲ್ಲಾ ಅಂತ ಪುಕ್ಕಟೆ ಇದೆ, ಪೆನ್‌ಡ್ರೈವಿನಿಂದ ಬೂಟ್ ಆಗುತ್ತದೆ. ಹಾರ್ಡ್‌ಡಿಸ್ಕ್ ಬಿಚ್ಚಿ ತನ್ನಿ, ಜೊತೆಗೆ ಅಷ್ಟೇ ಅಳತೆಯದ್ದೋ ದೊಡ್ಡದೋ ಇನ್ನೊಂದು ಇರಲಿ. ಚಿಕ್ಕದಾದರೆ ಅದು ಒಪ್ಪಲ್ಲ. ರಾತ್ರಿ ಎಂಟರ ನಂತರ ಬನ್ನಿ, ಆಗ ಟೇಬಲ್ ಖಾಲಿ ಇರುತ್ತದೆ.