ಅಪ್‌ಡೇಟ್: ಪಿಎಚ್‌ಪಿ ಟೈಮ್‌ಔಟ್ ತೊಂದರೆ ಬಗೆಹರಿಯಿತು

ಬೇರೆ ಸರ್ವರ್‌ನ ದೊಡ್ಡ ಸಿಎಸ್‌ವಿ ಫೈಲನ್ನು (ಸಾದಾ ಪಠ್ಯದಲ್ಲಿರುವ ಕೋಷ್ಟಕ) ವೆಬ್ ಪುಟ ತಯಾರಿಸುವ ಪಿಎಚ್‌ಪಿ ಭಾಷೆಯಲ್ಲಿ ಓದುವಾಗ 504 (ಉತ್ತರ ಹೊತ್ತಿಗೆ ಸರಿಯಾಗಿ ಬರಲಿಲ್ಲ ಎಂಬ ಎರರ್) ಬರುತ್ತಿದೆ ಎಂದು ಕೇಳಿದ್ದೆ. ಈಗ ಸರಿಹೋಗಿದೆ.

ಪಿಎಚ್‌ಪಿಯ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್ (ಒಂದು ಸ್ಕ್ರಿಪ್ಟ್ ಓಡಬಹುದಾದ ಗರಿಷ್ಠ ಹೊತ್ತು, ಬದಲಿಸದಿದ್ದರೆ 30 ಸೆಕೆಂಡ್) ಜಾಸ್ತಿ ಮಾಡಿದರೂ ಫಲ ಸಿಗಲಿಲ್ಲ. ಲಿನಕ್ಸ್‌ನಲ್ಲಿ ನೆಟ್‌ವರ್ಕ್‌ಗಾಗಿ ಕಾಯುವ ಹೊತ್ತು ಆ ಮಿತಿಯ ಲೆಕ್ಕಕ್ಕೆ ಬರುವುದೇ ಇಲ್ಲ. ನಡುವೆ ಕೈಬಿಡುತ್ತಿದ್ದದ್ದು ಪಿಎಚ್‌ಪಿಯ ಮುಂದೆ ನಿಂತಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್. ಅದರ ಫಾಸ್ಟ್‌ಸಿಜಿಐ ರೀಡ್ ಟೈಮ್‌ಔಟ್, ಅಂದರೆ ಪಿಎಚ್‌ಪಿಯ ಉತ್ತರಕ್ಕೆ ಅದು ಕಾಯುವ ಹೊತ್ತು, ನಾವು ಬದಲಿಸದಿದ್ದರೆ 60 ಸೆಕೆಂಡ್. ಅದನ್ನು ಸುಮ್ನೆ ಏರಿಸುತ್ತಾ ಹೋಗುವುದು ನನಗೆ ಇಷ್ಟವಾಗಲಿಲ್ಲ. ಪುಟ ತೆರೆದವರು ಅಷ್ಟು ಹೊತ್ತು ಕಾಯಬೇಕಲ್ವಾ?

ಹಾಗಾಗಿ ಈಗ ರಾತ್ರಿ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಸಾಧನ) ಮೂಲಕ, ಕರ್ಲ್ (ಫೈಲ್ ಇಳಿಸುವ ಸಾಧನ) ಬಳಸಿ ಫೈಲನ್ನು ನಮ್ಮ ಡಿಸ್ಕಿಗೆ ಇಳಿಸಿಕೊಳ್ಳುತ್ತೇನೆ. ಪುಟ ಆ ಪ್ರತಿಯನ್ನೇ ಓದುತ್ತದೆ. ಕರ್ಲ್‌ನಲ್ಲಿ ಕನೆಕ್ಟ್ ಟೈಮ್‌ಔಟ್ (ಸಂಪರ್ಕ ಸಿಗಲು ಕಾಯುವ ಹೊತ್ತು) ಜೊತೆಗೆ ಒಟ್ಟು ಟೈಮ್‌ಔಟನ್ನೂ ಮರೆಯದೆ ಕೊಡಿ. ಕೊಡದಿದ್ದರೆ ಒಟ್ಟು ಟೈಮ್‌ಔಟ್ ಸೊನ್ನೆ, ಅಂದರೆ ಮಿತಿಯೇ ಇಲ್ಲ.

ಎಂಜಿನ್‌ಎಕ್ಸ್‌ನ ಎರರ್ ಲಾಗ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಸುಳಿವು ಸಿಕ್ಕಿದ್ದು ಅಲ್ಲೇ.