ಅಪ್‌ಡೇಟ್: ಕಲಾ ವಿದ್ಯಾರ್ಥಿಗಳಿಗೆ ಭೂವಿಜ್ಞಾನ, ಚಿತ್ರದುರ್ಗದ ಪ್ರವಾಸದ ನಂತರ

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಭೂವಿಜ್ಞಾನದ ಮೊದಲ ಪಾಠಗಳನ್ನು ಹೇಗೆ ಹೇಳಿಕೊಡುವುದೆಂದು ಕಳೆದ ವಾರ ಇಲ್ಲಿ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ದಿರಿ. ಭಾನುವಾರ ದಾವಣಗೆರೆಯಿಂದ ಅವರನ್ನು ಚಿತ್ರದುರ್ಗಕ್ಕೆ ಕರೆದೊಯ್ದು ಬಂದೆವು.

ಹೊರಡುವ ಮುನ್ನ ನಕ್ಷೆಗೆ ಬಣ್ಣ ತುಂಬಿಸಬೇಕೆಂಬ ಸಲಹೆ ಫಲಿಸಲಿಲ್ಲ. ಮಕ್ಕಳು ಬಣ್ಣ ತುಂಬಿದರು, ಮರೆತರು. ಫಲಿಸಿದ್ದು ಇತಿಹಾಸದ ಅಧ್ಯಾಪಕರನ್ನೂ ಜೊತೆಗೆ ಕರೆದೊಯ್ಯಿರಿ ಎಂದವರ ಮಾತು. ಆ ಅಧ್ಯಾಪಕರು ಕೋಟೆಯ ಗೋಡೆ, ಹೊಂಡಗಳ ಕಥೆ ಹೇಳುತ್ತಿದ್ದಂತೆ, ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ನೀರಿಳಿದು, ಅದರೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗಿ, ಮೂಲೆಗಳು ಸವೆದು ಗುಂಡುಗಲ್ಲುಗಳು ಉಳಿಯುವ ಬಗೆಯನ್ನು ನಾನು ಅಲ್ಲಿಯೇ ತೋರಿಸಬಹುದಾಯಿತು.

ನನಗೇ ಹೊಸದಾಗಿದ್ದ ಸಂಗತಿಯನ್ನು ಕಲ್ಲುಕುಟಿಗರ ಮನೆಯ ವಿದ್ಯಾರ್ಥಿನಿಯೊಬ್ಬಳು ತಿಳಿಸಿದಳು: ಗ್ರಾನೈಟ್ ಎಲ್ಲ ದಿಕ್ಕಿನಲ್ಲೂ ಒಂದೇ ಸಮನೆ ಸೀಳುವುದಿಲ್ಲ, ಸುಲಭವಾಗಿ ಸೀಳುವ ದಿಕ್ಕನ್ನು ಗುರುತಿಸಿಯೇ ಅವಳ ತಂದೆ ಉಳಿಯಿಡುತ್ತಾರಂತೆ. ಬಂಡೆ ಸೀಳಲು ಬೆಣೆ ಬಡಿಯುವುದಕ್ಕಾಗಿ ಸಾಲಾಗಿ ಕೊರೆದ ಗುಳಿಗಳನ್ನು ಆಮೇಲೆ ಎಲ್ಲರೂ ಹುಡುಕತೊಡಗಿದರು.

ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ ನೋಡಿ ಎಂದವರಿಗೆ ವಿಶೇಷ ಕೃತಜ್ಞತೆ. ಅದು ಸುಮಾರು 250 ಕೋಟಿ ವರ್ಷ ಹಿಂದೆ ನೀರಿನಡಿಯಲ್ಲಿ ಉಕ್ಕಿ ಥಟ್ಟನೆ ತಣಿದು ದಿಂಬುಗಳ ಆಕಾರ ತಳೆದ ಲಾವಾ. ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಸುತ್ತಿಗೆಯನ್ನು ಬಸ್ಸಿನಲ್ಲೇ ಬಿಟ್ಟಿದ್ದೆವು. ದಿಂಬಿನ ಉಬ್ಬಿದ ಭಾಗ ಮೇಲ್ಮುಖವಾಗಿಯೂ ಚೂಪಾದ ಭಾಗ ಕೆಳಮುಖವಾಗಿಯೂ ಇರುತ್ತದೆಂದು ತಿಳಿದ ಮೇಲೆ, ಬಂಡೆಯ ಮೂಲ ಮೇಲ್ಭಾಗ ಯಾವುದೆಂದು ವಿದ್ಯಾರ್ಥಿಗಳು ತಾವೇ ವಾದಿಸಿದರು. ಕೋಟೆಯಲ್ಲಿ ಬಿಸಿಲೇರುವ ಮೊದಲೇ ಹತ್ತಿಬಿಡಿ; ನಾವು ತಡಮಾಡಿ ಪರಿತಪಿಸಿದೆವು.