ಟ್ರಾನ್ಸ್ ಪುರುಷನಿಗೆ ಕನ್ನಡದಲ್ಲಿ ಯಾವ ಪದ? ‘ತೃತೀಯ ಲಿಂಗಿ’, ‘ಲಿಂಗತ್ವ ಅಲ್ಪಸಂಖ್ಯಾತ’, ‘ಮಂಗಳಮುಖಿ’ ಕುರಿತು

ಮಾನ್ಯರೆ,

ಕೋಲಾರದ ಕಾಲೇಜು ವಿದ್ಯಾರ್ಥಿಗಳಿಗಾಗಿ ನಾವು ಕೆಲವರು ಸೇರಿ ಕಾನೂನು ತಿಳಿವಳಿಕೆಯ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಅದಕ್ಕಾಗಿ ಅಂತರ್ಜಾಲದಲ್ಲಿ ದೊರೆತ ಸುದ್ದಿ, ಸುತ್ತೋಲೆ, ಲೇಖನಗಳನ್ನು ಓದುವಾಗ, ಟ್ರಾನ್ಸ್‌ಜೆಂಡರ್ ಎಂಬುದಕ್ಕೆ ‘ತೃತೀಯ ಲಿಂಗಿ’, ‘ಲಿಂಗತ್ವ ಅಲ್ಪಸಂಖ್ಯಾತ’, ‘ಮಂಗಳಮುಖಿ’ ಎಂಬ ಮೂರು ಪದಗಳನ್ನು ಒಂದರ ಬದಲಿಗೆ ಮತ್ತೊಂದನ್ನಾಗಿ, ಕೆಲವೊಮ್ಮೆ ಒಂದೇ ಬರಹದಲ್ಲಿಯೇ, ಬಳಸಿರುವುದು ಕಂಡಿತು. ಇವು ಸಮಾನಾರ್ಥಕಗಳಲ್ಲ ಎಂಬುದು ನನ್ನ ಅಭಿಪ್ರಾಯ. ಬಲ್ಲವರು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

‘ತೃತೀಯ ಲಿಂಗಿ’ ಎಂಬುದಕ್ಕೆ ಆಧಾರವಾಗಿ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನೀಡಿದ ತೀರ್ಪನ್ನು ತೋರಿಸುವುದುಂಟು. ಆದರೆ ಗಂಡು, ಹೆಣ್ಣು ಅಥವಾ ತೃತೀಯ ಲಿಂಗ ಎಂದು ತನ್ನನ್ನು ಗುರುತಿಸಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದು ಆ ತೀರ್ಪು ಹೇಳಿತು. ಅಂದರೆ ತೃತೀಯ ಲಿಂಗ ಎಂಬುದು ಅಲ್ಲಿದ್ದ ಮೂರು ಆಯ್ಕೆಗಳಲ್ಲಿ ಒಂದು. ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಈಗ ಗಂಡಾಗಿಯೇ ಬಾಳುತ್ತಿರುವ ಟ್ರಾನ್ಸ್ ಪುರುಷರನ್ನು ‘ತೃತೀಯ ಲಿಂಗಿ’ ಎಂದು ಕರೆದರೆ, ನ್ಯಾಯಾಲಯ ಅವರಿಗೆ ಬಿಟ್ಟುಕೊಟ್ಟ ನಿರ್ಧಾರವನ್ನು ಬರೆಯುವವರು ತಾವೇ ಕೈಗೆತ್ತಿಕೊಂಡಂತಾಗುತ್ತದೆ.

‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುದು ಸಮುದಾಯವನ್ನು ಒಟ್ಟಾಗಿ ಹೇಳುವಲ್ಲಿ ಒಪ್ಪುತ್ತದೆ. ದೇಹದ ಗುರುತಾದ ‘ಲಿಂಗ’ದಿಂದ ಮನಸ್ಸು ಬಲ್ಲ ‘ಲಿಂಗತ್ವ’ವನ್ನು ಬೇರ್ಪಡಿಸಿರುವುದು ಅದರ ದೊಡ್ಡ ಗುಣ. ಒಲವಿಗೆ ಸಂಬಂಧಿಸಿದ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬುದನ್ನು ಇದರೊಡನೆ ಬೆರೆಸಬಾರದು. ಆದರೆ ‘ಒಬ್ಬ ಲಿಂಗತ್ವ ಅಲ್ಪಸಂಖ್ಯಾತ’ ಎಂದು ಏಕವಚನದಲ್ಲಿ ಬರೆದಾಗ ಅದು ಒಂದು ಗುಂಪಿನ ಸಂಖ್ಯೆಯ ಮಾತಾಗುತ್ತದೆಯೇ ಹೊರತು ಆ ವ್ಯಕ್ತಿ ಯಾರೆಂಬುದು ತಿಳಿಯುವುದಿಲ್ಲ.

‘ಮಂಗಳಮುಖಿ’ ರೂಪದಲ್ಲಿಯೇ ಸ್ತ್ರೀಲಿಂಗದ ಪದ. ಶುಭಕಾರ್ಯಗಳಿಗೆ ಬಂದು ಹರಸುವವರೆಂಬ ನಂಬಿಕೆಯೊಡನೆ ಅದು ಹೆಣೆದುಕೊಂಡಿದೆ. ಟ್ರಾನ್ಸ್ ಪುರುಷನಿಗೆ ಅದು ಯಾವ ರೀತಿಯಲ್ಲಿಯೂ ಹೊಂದದು. ಜೋಗತಿ, ಜೋಗಪ್ಪ ಎಂಬವು ಎಲ್ಲಮ್ಮನ ಪರಂಪರೆಗೆ ಸೇರಿದ ಹೆಸರುಗಳು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, ಪದ್ಮಶ್ರೀ ಪುರಸ್ಕೃತರಾದ ಮಂಜಮ್ಮ ಜೋಗತಿಯವರ ಹೆಸರಿನಲ್ಲಿ ಆ ಪದ ಗೌರವದಿಂದ ನಿಂತಿದೆ. ಅದನ್ನು ಎಲ್ಲರಿಗೂ ಹೊದಿಸಿದರೆ ಪದವೂ ಹಾಳಾಗುತ್ತದೆ, ಪರಂಪರೆಯೂ ಮಸುಕಾಗುತ್ತದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗಾಗಿ 2019ರ ಕಾಯ್ದೆಯನ್ನು ರಚಿಸಿದಾಗ ಟ್ರಾನ್ಸ್ ಪುರುಷ, ಟ್ರಾನ್ಸ್ ಮಹಿಳೆ ಎಂಬ ಗುರುತುಗಳನ್ನೂ, ಹಿಜ್ರಾ, ಅರವಾಣಿ, ಜೋಗತಾ ಮೊದಲಾದ ಸಾಮಾಜಿಕ ಗುರುತುಗಳನ್ನೂ ಬೇರೆಬೇರೆಯಾಗಿಯೇ ಹೆಸರಿಸಲಾಗಿತ್ತು ಎಂಬುದು ಗಮನಾರ್ಹ.

ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ತಮಿಳು ಮನೆಮಾತಾಗಿರುವವರು ಬಹಳ. ತಮಿಳಿನಲ್ಲಿ ಟ್ರಾನ್ಸ್ ಮಹಿಳೆಗೆ ‘ತಿರುನಂಗೈ’, ಟ್ರಾನ್ಸ್ ಪುರುಷನಿಗೆ ‘ತಿರುನಂಬಿ’ ಎಂಬ ಜೋಡಿ ಪದಗಳಿವೆ. ‘ತಿರು’ ಎಂದರೆ ಶ್ರೀ. ನಂಗೈ, ನಂಬಿ ಎಂಬವು ಮಾನ್ಯಳಾದ ಹೆಣ್ಣನ್ನೂ ಮಾನ್ಯನಾದ ಗಂಡನ್ನೂ ಹೇಳುವ ಹಳೆಯ ಮಾತುಗಳು. ಗೌರವವೂ ಸ್ಪಷ್ಟತೆಯೂ ಹೀಗೆ ಒಂದೇ ಪದದಲ್ಲಿ ಕೂಡಿರುವುದನ್ನು ಕಂಡಾಗ ಕನ್ನಡಕ್ಕೂ ಇಂಥದೊಂದು ಜೋಡಿ ಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೇಶಿರಾಜನು ತನ್ನ ಹಳಗನ್ನಡ ವ್ಯಾಕರಣವಾದ ಶಬ್ದಮಣಿದರ್ಪಣದಲ್ಲಿ ಒಂಬತ್ತು ಲಿಂಗಗಳನ್ನು ಹೇಳಿದ್ದಾನೆ, ಅಲ್ಲಿಂದ ಪದವನ್ನು ತರಬಹುದಲ್ಲವೇ ಎಂದು ಗೆಳೆಯರೊಬ್ಬರು ಸೂಚಿಸಿದರು. ಅವು ಶಬ್ದಗಳ ಲಿಂಗಗಳು, ಮನುಷ್ಯರವಲ್ಲ. ಅದರಲ್ಲಿಯೂ ‘ನಪುಂಸಕ’ ಎಂಬುದನ್ನು ವ್ಯಾಕರಣದ ಹೊರಗೆ ಮನುಷ್ಯರ ಮೇಲೆ ಬಳಸಿದರೆ ಅದು ಬೈಗುಳವೇ ಆಗುತ್ತದೆ.

ಇನ್ನು ಸರ್ವನಾಮ. ‘ಅವರು ಬಂದರು’ ಎಂದರೆ ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಏಳದು. ಕನ್ನಡಕ್ಕೆ ಇದು ಸಹಜವಾಗಿ ಒದಗಿದ ಅನುಕೂಲ. ಆದರೂ ಸಹಪಾಠಿಗಳೆಲ್ಲರೂ ಪರಸ್ಪರ ‘ಅವನು’, ‘ಅವಳು’ ಎನ್ನುವ ತರಗತಿಯಲ್ಲಿ ಒಬ್ಬನನ್ನು ಮಾತ್ರ ‘ಅವರು’ ಎಂದರೆ ಆ ಮರ್ಯಾದೆಯೇ ಅವನನ್ನು ದೂರ ನಿಲ್ಲಿಸಬಹುದು. ಆದ್ದರಿಂದ ವ್ಯಕ್ತಿಯ ಇಚ್ಛೆ ತಿಳಿಯದಿರುವಲ್ಲಿ ‘ಅವರು’, ತಿಳಿದಿರುವಲ್ಲಿ ಅವರು ಬಯಸಿದ ರೂಪ ಎಂದು ಹೊತ್ತಗೆಯಲ್ಲಿ ಬರೆಯಲಿದ್ದೇವೆ.

ಸದ್ಯಕ್ಕೆ ‘ಟ್ರಾನ್ಸ್ ಪುರುಷ’, ‘ಟ್ರಾನ್ಸ್ ಮಹಿಳೆ’ ಎಂದೇ ಅಚ್ಚು ಮಾಡಿಸುವ ಆಲೋಚನೆಯಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗಗಳಲ್ಲಿ ಟ್ರಾನ್ಸ್ ಪುರುಷರು ತಮ್ಮನ್ನು ತಾವೇ ಕರೆದುಕೊಳ್ಳುವ ಕನ್ನಡ ಪದವೇನಾದರೂ ಇದೆಯೇ? ಇದ್ದರೆ ಅದನ್ನು ಯಾವ ಸಂದರ್ಭದಲ್ಲಿ ಕೇಳಿದಿರಿ ಎಂಬುದರೊಡನೆ ತಿಳಿಸಬೇಕಾಗಿ ವಿನಂತಿ.